ಸೇಲಂನ ಹುಡುಗಿಯರು ಮತ್ತು ನಮ್ಮ ಕಡೆಯ ಬಾನಾಮತಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಹಿನೂರಿಗೆ ಬಂದಿದ್ದ. ಈಗ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕ. ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ಕುಳಿತು ತೂಕಡಿಸುತ್ತಿದ್ದವನು ಉಪನ್ಯಾಸಕನಾದದ್ದು ನನಗೆ ಇಂದಿಗೂ ಸೋಜಿಗದ ಸಂಗತಿ. (ಅವನು ಇದನ್ನು ಓದುತ್ತಾನೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.) ಚಹಾ ಕುಡಿಯುತ್ತ ಅವನು ಕೇಳಿದ: "ಸರ್, ಈ ವರ್ಷ ಆರ್ಥರ್ ಮಿಲ್ಲರನ 'ದಿ ಕ್ರೂಸಿಬಲ್' ಪಾಠ ಮಾಡ್ಲಕತ್ತೀನಿ. ಅಬಿಗೇಲಳ ಪಾತ್ರಚಿತ್ರಣ ಬರೀರಿ ಅಂದ್ರ ಹುಡುಗ್ರು ಎಲ್ಲಾರೂ ಒಂದೇ ಬರೀತಾರ. ಅಕಿ ಕೆಟ್ಟಾಕಿ, ಅಕಿಂದಲೇ ಇಷ್ಟೆಲ್ಲ ಆಯ್ತು ಅಂತ. ನೀವೇನಂತೀರಿ?"

ಅಂದು ನಾನು ಕೊಟ್ಟದ್ದು ಅರೆಬರೆ ಉತ್ತರ. ಬಸ್ಸಿನ ಹೊತ್ತಾಗಿತ್ತು, ಅವನು ಹೊರಟ. ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನಲವತ್ತು ವರ್ಷಗಳಿಂದ ಯಾರಿಗೂ ಹೇಳದ ಮಾತೊಂದಿದೆ. ಅದನ್ನು ಹೇಳುವುದಕ್ಕೆ ಈ ನಾಟಕ ಒಂದು ನೆಪವಾಯಿತೆಂದರೂ ತಪ್ಪಲ್ಲ.

ನಾಟಕವನ್ನು ಓದದವರಿಗಾಗಿ ಮೊದಲು ಇತಿಹಾಸವನ್ನಷ್ಟು ಹೇಳುತ್ತೇನೆ. ಸೇಲಂ ಎಂದರೆ ತಮಿಳುನಾಡಿನ ಸೇಲಂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ, ಆಗಿನ್ನೂ ಇಂಗ್ಲೆಂಡಿನ ವಸಾಹತಾಗಿದ್ದ ನೆಲದಲ್ಲಿ, ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು ಕಟ್ಟಿಕೊಂಡಿದ್ದ ಊರು. 1692ರ ಆರಂಭದಲ್ಲಿ ಅಲ್ಲಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಮನೆಯಲ್ಲಿ ಅವನ ಒಂಬತ್ತು ವರ್ಷದ ಮಗಳು ಬೆಟ್ಟಿ, ಹನ್ನೊಂದು-ಹನ್ನೆರಡು ವರ್ಷದ ಸೋದರ ಸಂಬಂಧಿ ಅಬಿಗೇಲ್ ವಿಲಿಯಮ್ಸ್ ವಿಚಿತ್ರವಾಗಿ ವರ್ತಿಸತೊಡಗಿದರು. ಕುರ್ಚಿಗಳ ಕೆಳಗೆ ತೆವಳುವುದು, ಅರ್ಥವಿಲ್ಲದ ಸದ್ದು ಮಾಡುವುದು, ಯಾರೋ ಚಿವುಟಿದರೆಂದು ಚೀರುವುದು. ವೈದ್ಯನಿಗೆ ರೋಗ ತಿಳಿಯಲಿಲ್ಲ. ಇದು ದುಷ್ಟಶಕ್ತಿಯ ಕೈವಾಡವೆಂದ. ಯಾರು ಮಾಡಿಸಿದರೆಂದು ಹಿರಿಯರು ಮಕ್ಕಳನ್ನು ಕೇಳಿದರು, ಮತ್ತೆ ಮತ್ತೆ ಕೇಳಿದರು. ಮಕ್ಕಳು ಹೆಸರು ಹೇಳಿದರು. ಮೊದಲು ಸಿಕ್ಕವರು ಮೂವರು: ಮನೆಗೆಲಸದ ಗುಲಾಮಳಾದ ಟಿಟುಬಾ, ಭಿಕ್ಷೆ ಬೇಡಿ ಬದುಕುತ್ತಿದ್ದ ಸಾರಾ ಗುಡ್, ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್. ಊರಿನಲ್ಲಿ ಯಾರ ಪರವಾಗಿ ಯಾರೂ ಎದ್ದು ನಿಲ್ಲುವುದಿಲ್ಲವೋ ಅಂಥವರ ಹೆಸರೇ ಮೊದಲು ಬಂದದ್ದನ್ನು ಗಮನಿಸಬೇಕು.

ಮುಂದಿನದು ಕಾಳ್ಗಿಚ್ಚು. ಒಂದು ವರ್ಷದೊಳಗೆ ನೂರೈವತ್ತಕ್ಕೂ ಹೆಚ್ಚು ಜನ ಸೆರೆಮನೆ ಸೇರಿದರು. ಸಾರಾ ಗುಡ್‌ಳ ನಾಲ್ಕು ವರ್ಷದ ಮಗಳಿಗೂ ಸಂಕೋಲೆ ತೊಡಿಸಿದರು. 19 ಜನರನ್ನು ಗಲ್ಲಿಗೇರಿಸಿದರು. ಅವರಲ್ಲಿ 14 ಹೆಂಗಸರು. ಎಂಬತ್ತರ ಆಸುಪಾಸಿನ ರೈತ ಗೈಲ್ಸ್ ಕೋರಿ ನ್ಯಾಯಾಲಯಕ್ಕೆ ಉತ್ತರವನ್ನೇ ಕೊಡಲಿಲ್ಲ. ಅವನನ್ನು ಮಲಗಿಸಿ ಮೈಮೇಲೆ ಕಲ್ಲು ಹೇರುತ್ತ ಹೋಗಿ ಕೊಂದರು. ಕನಿಷ್ಠ ಐವರು ಸೆರೆಯಲ್ಲೇ ಸತ್ತರು. ನ್ಯಾಯಾಲಯ ಒಪ್ಪಿಕೊಂಡ ಸಾಕ್ಷ್ಯ ಎಂಥದೆಂದರೆ, ಆಪಾದಿತಳು ತನ್ನ ಮನೆಯಲ್ಲಿ ಮಲಗಿರಬಹುದು, ಆದರೆ ಅವಳ ಛಾಯೆ ಬಂದು ನನ್ನನ್ನು ಪೀಡಿಸಿತೆಂದು ಹುಡುಗಿ ಹೇಳಿದರೆ ಸಾಕು. ಇಂಥ ಸಾಕ್ಷ್ಯಕ್ಕೆ ಪಾಟೀಸವಾಲು ಹಾಕುವುದು ಹೇಗೆ? ಇನ್ನೂ ವಿಪರೀತವೆಂದರೆ, ತಪ್ಪೊಪ್ಪಿಕೊಂಡವರು ಉಳಿದರು, ತಾನು ನಿರಪರಾಧಿಯೆಂದು ಕೊನೆಯವರೆಗೆ ಹೇಳಿದವರು ಸತ್ತರು.

ಮಿಲ್ಲರನ ನಾಟಕ ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ. ಅಮೆರಿಕದಲ್ಲಿ ಆಗ ಕಮ್ಯುನಿಸ್ಟರ ಬೇಟೆ. ಸಂಸತ್ತಿನ ಸಮಿತಿಯೆದುರು ಕೂಡಿಸಿ, ನಿನ್ನ ಜೊತೆ ಯಾರಿದ್ದರು, ಹೆಸರು ಹೇಳು ಎನ್ನುತ್ತಿದ್ದರು. ಮಿಲ್ಲರನ ಆಪ್ತ ನಿರ್ದೇಶಕ ಎಲಿಯಾ ಕಜಾನ್ 1952ರಲ್ಲಿ ಹೆಸರುಗಳನ್ನು ಹೇಳಿದ. ಮಿಲ್ಲರನ ಸರದಿ ಬಂದಾಗ ಆತ ಬೇರೆಯವರ ಹೆಸರು ಹೇಳಲೊಪ್ಪಲಿಲ್ಲ. 1957ರಲ್ಲಿ ಅಪರಾಧಿಯೆನಿಸಿದ, ಮರುವರ್ಷ ಮೇಲ್ಮನವಿಯಲ್ಲಿ ಗೆದ್ದ. ಹೀಗಾಗಿ ನಾಟಕದ ಜಾನ್ ಪ್ರಾಕ್ಟರ್ ಸಾಯುವ ಮುನ್ನ ತನ್ನ ಹೆಸರಿಗಾಗಿ ಒದ್ದಾಡುವ ದೃಶ್ಯ 1692ರದಷ್ಟೇ ಅಲ್ಲ, 1953ರದೂ ಹೌದು.

ಇದಕ್ಕಾಗಿ ಮಿಲ್ಲರ್ ಕೆಲವು ಬದಲಾವಣೆ ಮಾಡಿಕೊಂಡ. ನಿಜವಾದ ಪ್ರಾಕ್ಟರನಿಗೆ ಅರವತ್ತರ ಹತ್ತಿರದ ವಯಸ್ಸು. ಹೊಲವೂ ಇತ್ತು, ಹೆಂಡದಂಗಡಿಯೂ ಇತ್ತು. ಎಲಿಜಬೆತ್ ಅವನ ಮೂರನೆಯ ಹೆಂಡತಿ. ನಾಟಕದಲ್ಲಿ ಆತ ಮೂವತ್ತು ದಾಟಿದ ಗಟ್ಟಿಮುಟ್ಟಾದ ರೈತ. ನಿಜವಾದ ಅಬಿಗೇಲ್ ಐದನೆಯ ಆರನೆಯ ತರಗತಿಯ ಹುಡುಗಿಯ ವಯಸ್ಸಿನವಳು. ನಾಟಕದಲ್ಲಿ ಹದಿನೇಳರ ತರುಣಿ, ಪ್ರಾಕ್ಟರನ ಮನೆಯಲ್ಲಿ ಕೆಲಸಕ್ಕಿದ್ದು ಅವನೊಡನೆ ಸಂಬಂಧ ಬೆಳೆಸಿ, ಹೆಂಡತಿಯಿಂದ ಹೊರಹಾಕಿಸಿಕೊಂಡವಳು. ಆ ಸಂಬಂಧಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ. ಅವಳ ವಯಸ್ಸನ್ನು ಏರಿಸಿದ್ದೇನೆಂದು ಮಿಲ್ಲರನೇ ಪುಸ್ತಕದ ಆರಂಭದ ಟಿಪ್ಪಣಿಯಲ್ಲಿ ಹೇಳಿಕೊಂಡಿದ್ದಾನೆ.

ನಾಟಕಕಾರನಿಗೆ ಈ ಸ್ವಾತಂತ್ರ್ಯ ಇರಬೇಕಾದದ್ದೇ. ನಮ್ಮ ಕಲ್ಯಾಣವನ್ನು ಕುರಿತು ಬರೆದವರೂ ಅದನ್ನು ಬಳಸಿದ್ದಾರೆ. ಗಿರೀಶ ಕಾರ್ನಾಡರ 'ತಲೆದಂಡ' 1990ರಲ್ಲಿ ಬಂತು. ಮಂಡಲ್ ಮತ್ತು ಮಂದಿರಗಳ ಗಲಭೆಯ ಕಾಲ ಅದು, ನಾಟಕದ ತುಂಬ ಆ ಕಾಲದ ಬಿಸಿಯಿದೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡ ಮದುವೆಯಿಂದ ಕಲ್ಯಾಣ ಹೊತ್ತಿ ಉರಿದ ಕಥೆ ನಿಮಗೆಲ್ಲ ಗೊತ್ತು. ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ನಮ್ಮ ಕಡೆಯ ಪರಂಪರೆ ಹೇಳುತ್ತದೆ. ಪರಂಪರೆಯಲ್ಲಿ ಆ ಮದುಮಗಳು ಲಾವಣ್ಯ, ನಾಟಕದಲ್ಲಿ ಕಲಾವತಿ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿಗೆ ಪ್ರವಾಸ ಕರೆದೊಯ್ದಾಗ ಪ್ರತಿಸಲವೂ ಒಬ್ಬ ಹುಡುಗನಾದರೂ, "ಸರ್, ನಾಟಕದಾಗ ಹಂಗಿಲ್ಲ" ಎನ್ನುತ್ತಿದ್ದ. ನಾಟಕ ಬೇರೆ, ಇತಿಹಾಸ ಬೇರೆ, ಎರಡೂ ಬೇಕು ಎಂದು ಅಲ್ಲಿಯೇ ಬಿಸಿಲಲ್ಲಿ ನಿಂತು ಪಾಠ ಮಾಡಿದ್ದೇನೆ.

ಆದರೂ ಅಬಿಗೇಲಳ ವಿಷಯದಲ್ಲಿ ನನಗೆ ಮಿಲ್ಲರನ ಮೇಲೆ ಸಣ್ಣ ತಕರಾರಿದೆ. ಅವಳನ್ನು ಹರೆಯದವಳನ್ನಾಗಿ, ಮತ್ಸರದವಳನ್ನಾಗಿ ಮಾಡಿದ ಕೂಡಲೇ ನೋಡುವವರಿಗೆ ಒಬ್ಬ ಅಪರಾಧಿ ಸಿಕ್ಕಳು. ಅವಳೊಬ್ಬಳು ಸುಳ್ಳು ಹೇಳದಿದ್ದರೆ ಏನೂ ಆಗುತ್ತಿರಲಿಲ್ಲವೆಂದು ಹುಡುಗರು ಬರೆಯುವುದು ಸಹಜವೇ. ನಿಜವಾದ ಸೇಲಂನಲ್ಲಿ ಒಂಬತ್ತು, ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ದೂರು ಬರೆದು ಸಹಿ ಹಾಕಲು ಬರುತ್ತಿರಲಿಲ್ಲ. ಸಹಿ ಹಾಕಿದವರು ದೊಡ್ಡವರು. ಅತಿ ಹೆಚ್ಚು ದೂರುಗಳ ಹಿಂದಿದ್ದವರಲ್ಲಿ ಥಾಮಸ್ ಪಟ್ನಮ್ ಒಬ್ಬ. ಅವನ ಹನ್ನೆರಡು ವರ್ಷದ ಮಗಳು ಆ್ಯನ್ ಪೀಡಿತೆಯರಲ್ಲಿ ಮುಖ್ಯಳು. ಗಲ್ಲಿಗೇರಿದ ರೆಬೆಕ್ಕಾ ನರ್ಸ್ 71ರ ವೃದ್ಧೆ, ದೈವಭಕ್ತೆ, ಕಿವಿ ಮಂದ. ಅವಳ ಕುಟುಂಬಕ್ಕೂ ಪಟ್ನಮ್ ಮನೆತನಕ್ಕೂ ಹೊಲದ ಗಡಿಯ ವ್ಯಾಜ್ಯವಿತ್ತು. ಪಂಚರು ಮೊದಲು ಅವಳು ನಿರ್ದೋಷಿಯೆಂದೇ ಹೇಳಿದರು. ನ್ಯಾಯಾಧೀಶರು ಮತ್ತೊಮ್ಮೆ ಯೋಚಿಸಿರೆಂದು ಕಳುಹಿಸಿದರು. ಯೋಚಿಸಿ ಬಂದು ದೋಷಿಯೆಂದರು. ಪಾದ್ರಿ ಪ್ಯಾರಿಸನಿಗೂ ಊರಿಗೂ ಸಂಬಳದ ಜಗಳ, ಉರುವಲಿನ ಜಗಳ. ಇಷ್ಟು ಒಣಹುಲ್ಲು ಕೂಡಿಟ್ಟವರು ಮಕ್ಕಳಲ್ಲ.

ಇನ್ನು ನಮ್ಮ ಕಡೆಗೆ ಬರುತ್ತೇನೆ.

ಬೀದರ್, ಕಲಬುರಗಿ, ಗಡಿಯಾಚೆಯ ಜಹೀರಾಬಾದ್-ಮೆದಕ್ ಸೀಮೆಯವರಿಗೆ ಬಾನಾಮತಿ ಎಂದರೇನೆಂದು ವಿವರಿಸಬೇಕಿಲ್ಲ. ಪುಣೆ, ಬೆಂಗಳೂರುಗಳಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ಕೆಲವರು ಭಾನಾಮತಿ ಎಂದೂ ಬರೆಯುತ್ತಾರೆ. ಮನೆಯ ಮೇಲೆ ಎಲ್ಲಿಂದಲೋ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಸೀರೆ ತಾನಾಗಿ ಸುಡುವುದು, ಮೈಮೇಲೆ ಗೀರುಗಳು ಮೂಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರು ಇದ್ದಕ್ಕಿದ್ದಂತೆ ನಾಯಿಯ ಹಾಗೆ ಬೊಗಳುವುದು. ಒಬ್ಬಳು ಬೊಗಳಿದರೆ ಪಕ್ಕದ ಮನೆಯಲ್ಲಿ ಇನ್ನೊಬ್ಬಳು. ಯಾರೋ ಮಾಡಿಸಿದ್ದಾರೆಂದು ಊರು ನಂಬುತ್ತದೆ, ಯಾರೆಂದು ಹುಡುಕುತ್ತದೆ. ಸಿಕ್ಕವರ ಹಲ್ಲು ಕಿತ್ತರೆ ಅವರ ಬಾಯಲ್ಲಿ ಮಂತ್ರ ನಿಲ್ಲುವುದಿಲ್ಲವೆಂದು ನಂಬಿಕೆ, ಕಿತ್ತದ್ದೂ ಉಂಟು. ಶಕುನ, ಮುಹೂರ್ತಗಳನ್ನೆಲ್ಲ ಶರಣರು ತಳ್ಳಿಹಾಕಿದ ನೆಲ ಇದು. ಮನೋವೈದ್ಯರು ಇದನ್ನು ಸಾಮೂಹಿಕ ಉನ್ಮಾದವೆನ್ನುತ್ತಾರೆ. ಬಾಯಿಬಿಟ್ಟು ಹೇಳಲಾಗದ ಸಂಕಟ ಮೈಯ ಮೂಲಕ ಹೊರಬರುತ್ತದೆ. ಅದು ನಟನೆಯಲ್ಲ, ಆದರೆ ನೋಡಿ ಕಲಿಯುವಂಥದು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಅವರು ಮೈಮೇಲೆ ಬರುವುದು ಮೊದಲಾದವನ್ನು ಕುರಿತು ಕನ್ನಡದಲ್ಲಿ ಸರಳವಾಗಿ ಬರೆದಿದ್ದಾರೆ. ಅವರ ಪುಸ್ತಕಗಳು ಆಗಲೇ ನನ್ನ ಕೈಗೆ ಬಂದಿದ್ದರೆ ಎಂದು ಅನೇಕ ಸಲ ಅಂದುಕೊಂಡಿದ್ದೇನೆ.

1984. ಕೊಹಿನೂರಿನಿಂದ ಮೂರು ಹರದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಾಗ ಹೊಸ ಮಾಸ್ತರ. ಊರ ಹೆಸರು ಬೇಡ. ತೊಗರಿ ರಾಶಿ ಮುಗಿದ ದಿನಗಳು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಪಾಠದಲ್ಲಿ ಬೆಂಚಿನಿಂದ ಜಾರಿ ಬಿದ್ದಳು. ನೀರು ಚಿಮುಕಿಸಿದೆವು. ಕಣ್ಣು ತೆರೆದವಳು ಬೊಗಳಿದಳು. ಆ ಸದ್ದನ್ನು ಬರೆದು ತೋರಿಸಲಾರೆ. ಮರುದಿನ ಇನ್ನಿಬ್ಬರು, ಅದರ ಮರುದಿನ ನಾಲ್ವರು. ಶಾಲೆ ಮುಚ್ಚಿತು.

ಹೆಸರು ಬಂದದ್ದು ಊರಂಚಿನ ಒಬ್ಬ ಮುದುಕಿಯದು. ವಿಧವೆ. ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದ ಸೂಲಗಿತ್ತಿ. ಬೊಗಳಿದ ಹುಡುಗಿಯರಲ್ಲಿ ಇಬ್ಬರನ್ನು ಮೊದಲು ಕೈಯಲ್ಲಿ ಹಿಡಿದವಳು ಅವಳೇ. ಗಂಡು ಮಕ್ಕಳಿರಲಿಲ್ಲ. ಎರಡು ಎಕರೆ ಹೊಲವಿತ್ತು. ಅದರ ಬದುವಿನ ಬಗ್ಗೆ ಭಾವನ ಮಕ್ಕಳೊಡನೆ ವರ್ಷಗಳ ಜಗಳವಿತ್ತು. ಹುಡುಗಿಯ ಬಾಯಿಂದ ಆ ಹೆಸರು ಬರುವ ಮುನ್ನ ಹಿರಿಯರು ಅವಳಿಗೆ ಎಷ್ಟು ಹೆಸರು ಹೇಳಿ ಕೇಳಿದರೆಂಬುದನ್ನು ನಾನು ಅಲ್ಲೇ ನಿಂತು ಕೇಳಿದ್ದೇನೆ.

ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಊರು ಸೇರಿತು. ಹಲ್ಲಿನ ಮಾತೂ ಬಂತು. ಆಗ ಒಬ್ಬ ಹಿರಿಯರು ನನ್ನ ಕಡೆ ತಿರುಗಿದರು: "ಮಾಸ್ತರ್, ನೀವು ಓದಿದವ್ರು. ನೀವ ಹೇಳ್ರಿ. ಇದು ಖರೇ ಅದನೋ, ಸುಳ್ಳೋ?"

ನನಗೆ ಇಪ್ಪತ್ತಾರು ವರ್ಷ. ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದನ್ನು ಪತ್ರಿಕೆಯಲ್ಲಿ ಓದಿ, ಅವರ ಭಾವಚಿತ್ರ ಕತ್ತರಿಸಿ ಇಟ್ಟುಕೊಂಡಿದ್ದವನು ನಾನು. ಅಷ್ಟೇ ಅಲ್ಲ; ಆ ಬೆಳಿಗ್ಗೆ ಬೊಗಳಿದವರಲ್ಲೊಬ್ಬಳು ನನ್ನ ಕೋಣೆಯ ಬಾಗಿಲಿಗೆ ಬಂದು ಅಳುತ್ತ ಹೇಳಿದ್ದಳು: "ಸರ್, ನನಗೇನೂ ಆಗಿಲ್ಲ. ಎಲ್ಲಾರೂ ಬಿದ್ರು, ನಾನೂ ಬಿದ್ದೆ. ಆಯಿಗಿ ಏನೂ ಮಾಡಬ್ಯಾಡಂತ ಹೇಳ್ರಿ." ಆ ಮಾತು ನನ್ನ ಜೇಬಿನಲ್ಲಿತ್ತು. ಕಟ್ಟೆಯ ಮೇಲೆ ನಾನು ಆಡಿದ ಮಾತು ಇದು: "ವಿಜ್ಞಾನ ಇದನ್ನ ಒಪ್ಪಂಗಿಲ್ಲ. ಆದ್ರ ನಿಮ್ಮ ನಂಬಿಕಿ ನಿಮಗ ಬಿಟ್ಟಿದ್ದು."

ಆ ಎರಡನೆಯ ವಾಕ್ಯಕ್ಕಾಗಿಯೇ ಅವರು ಕಾದಿದ್ದರೆಂದು ತೋರುತ್ತದೆ. ಹುಡುಗಿಯ ಮಾತನ್ನು ನಾನು ಹೇಳಲಿಲ್ಲ. ಹೇಳಿದರೆ ಅವಳಿಗೆ ಮನೆಯಲ್ಲಿ ಹೊಡೆತ ಬಿದ್ದೀತೆಂದು ಅಂದು ಸಮಾಧಾನ ಮಾಡಿಕೊಂಡೆ. ನಿಜವೆಂದರೆ, ಬಾಡಿಗೆಯ ಕೋಣೆ ಆ ಹಿರಿಯರದೇ. ಮರುದಿನ ಆ ಹುಡುಗಿಯೂ ಎಲ್ಲರೊಡನೆ ಬೊಗಳಿದಳು. ಆ ರಾತ್ರಿಯೇ ಮುದುಕಿಯ ಗುಡಿಸಲಿಗೆ ಕಲ್ಲು ಬಿದ್ದವು. ಬೆಳಗಾಗುವ ಮೊದಲು ಒಂದು ಗಂಟು ಹೊತ್ತುಕೊಂಡು ಮಹಾರಾಷ್ಟ್ರದ ಕಡೆ ಮಗಳ ಮನೆಗೆ ಹೋದಳೆಂದರು. ಹಲ್ಲು ಕೀಳಲಿಲ್ಲ, ಪುಣ್ಯ ಎಂದು ಜನ ಹೇಳಿದರು. ಮುಂಗಾರಿಗೆ ಆ ಎರಡು ಎಕರೆಯಲ್ಲಿ ಭಾವನ ಮಕ್ಕಳು ಕುಂಟೆ ಹೊಡೆದರು.

ಮೊದಲು ಬಿದ್ದ ಹುಡುಗಿಗೆ ಆ ವಾರವೇ ನಿಶ್ಚಯವಾಗಿತ್ತೆಂಬುದು ನನಗೆ ತಿಳಿದದ್ದು ತಡವಾಗಿ. ಗಂಡನಾಗುವವನಿಗೆ ಅವಳ ಎರಡರಷ್ಟು ವಯಸ್ಸು. ಬಾನಾಮತಿ ತಗುಲಿದವಳು ಬೇಡವೆಂದು ಆ ಬೀಗರು ಹಿಂದೆ ಸರಿದರು. ಅವಳು ಮತ್ತೆ ಬೊಗಳಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಎರಡು ವಾರಗಳಿಗೆ ಅವಳ ಹೆಸರಿನ ಮುಂದೆ "ಅನಾರೋಗ್ಯ" ಎಂದು ಬರೆದಿದ್ದೇನೆ. ನನ್ನದೇ ಅಕ್ಷರ.

ಏಳು ವರ್ಷಗಳ ನಂತರ, 1991ರಲ್ಲಿ, ಅಂಚೆ ಶಿಕ್ಷಣದ ಎಂ.ಎ. ಪರೀಕ್ಷೆಗೆಂದು 'ದಿ ಕ್ರೂಸಿಬಲ್' ಓದಿದೆ. ಮೇರಿ ವಾರೆನ್ ಬಂದಾಗ ಪುಸ್ತಕ ಮುಚ್ಚಿಟ್ಟೆ. ಪ್ರಾಕ್ಟರನ ಮನೆಯ ಆಳುಮಗಳು ಈಕೆ. ನಾಟಕದಲ್ಲಿ ನ್ಯಾಯಾಲಯಕ್ಕೆ ಹೋಗಿ, ನಾವೆಲ್ಲ ನಟಿಸಿದೆವು ಎನ್ನುತ್ತಾಳೆ. ಹಾಗಾದರೆ ಈಗ ಮೂರ್ಛೆ ಹೋಗಿ ತೋರಿಸು ಎನ್ನುತ್ತಾರೆ, ಅವಳಿಂದಾಗುವುದಿಲ್ಲ. ಉಳಿದ ಹುಡುಗಿಯರು ಅವಳ ಮೇಲೆಯೇ ತಿರುಗಿಬಿದ್ದಾಗ ಹೆದರಿ ಮರಳಿ ಗುಂಪು ಸೇರುತ್ತಾಳೆ. ಇದು ಮಿಲ್ಲರನ ಕಲ್ಪನೆಯಲ್ಲ. 1692ರ ನಿಜವಾದ ಮೇರಿ ವಾರೆನ್ ಕೂಡ ಹುಡುಗಿಯರು ನಟಿಸುತ್ತಿದ್ದಾರೆಂದು ಹೇಳಿ, ಅದರಿಂದ ತಾನೇ ಆಪಾದಿತಳಾಗಿ ಸೆರೆ ಸೇರಿ, ಕೊನೆಗೆ ಮತ್ತೆ ಆಪಾದಿಸುವವರ ಸಾಲಿಗೆ ಬಂದಳು. ನನ್ನ ಉಪನ್ಯಾಸಕ ಶಿಷ್ಯನಿಗೆ ಹೇಳುವುದಿಷ್ಟೆ: ಅಬಿಗೇಲಳ ಬದಲು ಮೇರಿಯ ಪಾತ್ರಚಿತ್ರಣ ಬರೆಸಪ್ಪ. ಅವಳು ಸತ್ಯ ಹೇಳಿದ ಗಳಿಗೆಯಲ್ಲಿ ಆ ಕೋಣೆಯಲ್ಲಿದ್ದ ದೊಡ್ಡವರು ಏನು ಮಾಡಬಹುದಿತ್ತೆಂದು ಕೇಳು.

ಆ ದೊಡ್ಡವರಲ್ಲಿ ಪಾದ್ರಿ ಜಾನ್ ಹೇಲ್ ಒಬ್ಬ. ನಾಟಕದಲ್ಲಿ ಆತ ನಲವತ್ತರ ಹತ್ತಿರದ ವಿದ್ವಾಂಸ. ದಪ್ಪ ಪುಸ್ತಕಗಳನ್ನು ಹೊತ್ತು, ವೈದ್ಯನಂಥ ಆತ್ಮವಿಶ್ವಾಸದಿಂದ ಬರುತ್ತಾನೆ. ನ್ಯಾಯ ಸತ್ತದ್ದನ್ನು ಕಂಡು ನ್ಯಾಯಾಲಯವನ್ನು ಧಿಕ್ಕರಿಸಿ ಹೊರನಡೆಯುತ್ತಾನೆ. ಕೊನೆಯ ಅಂಕದಲ್ಲಿ, ಸುಳ್ಳಾದರೂ ಒಪ್ಪಿಕೊಂಡು ಜೀವ ಉಳಿಸಿಕೊಳ್ಳಿ ಎಂದು ಸೆರೆಯಾಳುಗಳನ್ನು ಬೇಡುತ್ತಾನೆ. ಓದುವಾಗ ಪ್ರಾಕ್ಟರನೇ ನಾನೆಂದುಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ನನಗೆ ಆ ಅವಕಾಶ ಇರಲಿಲ್ಲ. ನಾನು ಹೇಲ್, ಅದೂ ಹೊರನಡೆಯದ ಹೇಲ್. ಇತಿಹಾಸದ ಹೇಲ್‌ನ ಕಥೆ ಇನ್ನೂ ಕಹಿ. ಐವತ್ತಾರರ ಆ ಮನುಷ್ಯ ವಿಚಾರಣೆಗಳನ್ನು ಬೆಂಬಲಿಸಿದ್ದ. ಮನಸ್ಸು ತಿರುಗಿದ್ದು ಆ ವರ್ಷದ ಕೊನೆಯಲ್ಲಿ ಸ್ವಂತ ಹೆಂಡತಿಯ ಮೇಲೆಯೇ ಆರೋಪ ಬಂದಾಗ. ತನ್ನ ತಪ್ಪಿನ ವಿಚಾರವಾಗಿ 1697ರಲ್ಲಿ ಒಂದು ಪುಸ್ತಕ ಬರೆದ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1702ರಲ್ಲಿ. ಮಿಲ್ಲರ್ ಈ ಹೆಂಡತಿಯ ಸಂಗತಿಯನ್ನು ಬಿಟ್ಟು, ಹೇಲ್‌ಗೆ ಅಂತಃಸಾಕ್ಷಿಯ ಗೌರವವನ್ನು ಕೊಟ್ಟಿದ್ದಾನೆ. ನಾಟಕಕಾರರು ಕೆಲವೊಮ್ಮೆ ಉದಾರಿಗಳು.

ಹುಡುಗಿಯರಲ್ಲಿ ಕ್ಷಮೆ ಕೇಳಿದವಳು ಆ್ಯನ್ ಪಟ್ನಮ್. 1706ರಲ್ಲಿ, ಇಪ್ಪತ್ತಾರರ ಸುಮಾರಿಗೆ, ಊರ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತಳು. ಅವಳ ತಪ್ಪೊಪ್ಪಿಗೆಯನ್ನು ಪಾದ್ರಿ ಓದಿದ. ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸೀವಾಲ್ 1697ರಲ್ಲಿಯೇ ಹಾಗೆ ನಿಂತಿದ್ದ. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಎಂದೂ ನಿಲ್ಲಲಿಲ್ಲ.

ನಮ್ಮಲ್ಲಿ ಈಗ ಕಾನೂನಿದೆ. ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಕೊಂದ 2013ರಲ್ಲಿಯೇ ಆಯಿತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಅಧಿನಿಯಮ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಒಂದರಿಂದ ಏಳು ವರ್ಷದವರೆಗೆ ಸೆರೆ, ಐದರಿಂದ ಐವತ್ತು ಸಾವಿರದವರೆಗೆ ದಂಡ. ಒಳ್ಳೆಯದೇ. ಆದರೆ ಗುಡಿಯ ಕಟ್ಟೆಯ ಮೇಲೆ ಪೊಲೀಸರಿಗಿಂತ ಮೊದಲು ಮಾಸ್ತರನನ್ನೇ ಕೇಳುತ್ತಾರೆ. ನಿಮ್ಮಲ್ಲಿ ಎಷ್ಟೋ ಜನ ಈಗ ಮಾಸ್ತರರು.

ಇತ್ತೀಚೆಗೆ ತಿಳಿದ ಒಂದು ಸಂಗತಿ. ಸೇಲಂನಲ್ಲಿ ಶಿಕ್ಷೆಗೊಳಗಾದವರಲ್ಲಿ ಎಲಿಜಬೆತ್ ಜಾನ್ಸನ್ ಎಂಬ 22ರ ಯುವತಿಯಿದ್ದಳು. 1693ರಲ್ಲಿ ಮರಣದಂಡನೆ ವಿಧಿಸಿದರೂ ಗಲ್ಲಿಗೇರಿಸಲಿಲ್ಲ. ಮುಂದೆ ಉಳಿದವರ ಹೆಸರುಗಳನ್ನು ಕಾಲಕಾಲಕ್ಕೆ ದೋಷಮುಕ್ತಗೊಳಿಸಿದಾಗ ಅವಳದು ಬಿಟ್ಟುಹೋಯಿತು. ಅವಳಿಗೆ ಮಕ್ಕಳಿರಲಿಲ್ಲ, ಕೇಳುವವರಿರಲಿಲ್ಲ. ನಾರ್ತ್ ಆ್ಯಂಡೋವರ್ ಎಂಬ ಊರಿನ ಎಂಟನೆಯ ತರಗತಿಯ ಮಕ್ಕಳು ತಮ್ಮ ಶಿಕ್ಷಕಿಯೊಡನೆ ಕಾಗದಪತ್ರ ಹುಡುಕಿ, ಶಾಸಕರಿಗೆ ಬರೆದು, 2022ರಲ್ಲಿ ಅವಳ ಹೆಸರನ್ನು ಬಿಡಿಸಿದರು. 329 ವರ್ಷ ಆಗಿತ್ತು. ಎಂಟನೆಯ ತರಗತಿಗೆ ನಾನೂ ಮೂವತ್ತು ವರ್ಷ ಪಾಠ ಹೇಳಿದ್ದೇನೆ.

ಆ ಹಳ್ಳಿಯ ಶಾಲೆಯಲ್ಲಿ 1984ರಲ್ಲಿ ಓದಿದವರು ಇದನ್ನು ಓದುತ್ತಿದ್ದರೆ ಅವರಿಗೆ ಊರೂ ಗೊತ್ತಾಗಿದೆ, ಆ ಆಯಿಯೂ ನೆನಪಾಗಿದ್ದಾಳೆ. ಅವಳೀಗ ಇರಲಾರಳು. ಮಗಳ ಮನೆ ಉಮರ್ಗಾದ ಕಡೆ ಎಂದು ಕೇಳಿದ್ದೆ, ಮೊಮ್ಮಕ್ಕಳಿರಬಹುದು. ಅವರ ಸುಳಿವು ಯಾರಿಗಾದರೂ ಸಿಕ್ಕರೆ ನನಗೆ ಫೋನು ಮಾಡಿರಿ. ಹೋಗಿ, ಅವರ ಅಜ್ಜಿಗೆ ಏನಾಯಿತೆಂಬುದನ್ನು, ಅಂದು ಬೆಳಿಗ್ಗೆ ನನ್ನ ಬಾಗಿಲಲ್ಲಿ ಹುಡುಗಿಯೊಬ್ಬಳು ಹೇಳಿದ ಮಾತನ್ನು ಅವರಿಗೆ ಹೇಳಬೇಕಾಗಿದೆ.